ತೊಗರಿ ಹೊಲದೊಳಗಿನ ರಾಜಧಾನಿ

ಕಲಬುರಗಿಯಿಂದ ಜೇವರ್ಗಿಗೆ ಹೋಗುವ ಬಸ್ಸಿನಲ್ಲಿ ನಾವು ಎಷ್ಟು ಸಲ ಕುಳಿತಿದ್ದೇವೋ ಲೆಕ್ಕವಿಲ್ಲ. ಫರಹತಾಬಾದ್ ದಾಟಿ, ಕಟ್ಟಿಸಂಗಾವಿಯ ಭೀಮಾ ಸೇತುವೆ ಇನ್ನೇನು ಬಂತು ಎನ್ನುವಾಗ ಹೊಲಗಳ ನಡುವೆ ಕರ್ರಗಿನ ಕಲ್ಲಿನ ಗೋಡೆ, ಒಂದೆರಡು ಬುರುಜು, ದೂರದಲ್ಲಿ ಗುಮ್ಮಟಗಳು ಕಾಣುತ್ತವೆ. ಕಂಡಕ್ಟರ್ ಕೂಗುವುದು 'ಫಿರೋಜಾಬಾದ್' ಎಂದು. ಯಾರೋ ಇಬ್ಬರು ಇಳಿಯುತ್ತಾರೆ. ಬಸ್ಸು ಮುಂದೆ ಹೋಗುತ್ತದೆ. ಅದೊಂದು ಹಾಳುಕೋಟೆ, ನಮ್ಮ ಕಡೆ ಇಂಥವು ಊರಿಗೊಂದು ಇವೆ ಎಂದುಕೊಂಡು ನಾವೂ ಸುಮ್ಮನಿರುತ್ತಿದ್ದೆವು.

ಚಂಡೀಗಢ ನೋಡಿ ಬಂದವರು ಅಲ್ಲಿನ ನೇರ ರಸ್ತೆಗಳನ್ನು ಹೊಗಳುವುದನ್ನು ಕೇಳಿದ್ದೇವೆ. ಭುವನೇಶ್ವರಕ್ಕೆ ಹೋದವರು ಬೆಳಿಗ್ಗೆ 1948ರಲ್ಲಿ ಅಡಿಗಲ್ಲಿಟ್ಟ ಹೊಸ ನಗರ ನೋಡಿ, ಮಧ್ಯಾಹ್ನ ಲಿಂಗರಾಜನ ಗುಡಿಗೆ ಹೋಗಿಬರುತ್ತಾರೆ. ಒಂದು ರಾಜ್ಯಕ್ಕಾಗಿ ಖಾಲಿ ನೆಲದ ಮೇಲೆ ನಕ್ಷೆ ಹಾಕಿ ಕಟ್ಟಿಸಿದ ರಾಜಧಾನಿ, ಅದರ ಸುತ್ತ ಜನರ ದೇವರುಗಳು. ಇಂಥದ್ದೊಂದು ನಮ್ಮ ಜಿಲ್ಲೆಯಲ್ಲೇ ಇದೆ, ಅದೂ 600 ವರ್ಷ ಹಳೆಯದು ಎಂಬುದು ತಿಳಿದ ಮೇಲೆ ಬಸ್ಸಿನಿಂದ ಇಳಿಯದೆ ಇರಲಾಗಲಿಲ್ಲ. ಕಳೆದ ಚಳಿಗಾಲದಲ್ಲಿ ನಾವು ಮೂವರು ಗೆಳೆಯರು ಎರಡು ದಿನ ಬಿಡುವು ಮಾಡಿಕೊಂಡು ಹೊರಟೆವು. ಫಿರೋಜಾಬಾದ್ ನೋಡುವುದು, ನಂತರ ಭೀಮೆಯನ್ನು ಹಿಡಿದುಕೊಂಡು ಜೇವರ್ಗಿ, ಅಫಜಲಪುರ, ಆಳಂದದ ಕಡೆ ತಿರುಗುವುದು ಎಂದು ಮಾತಾಗಿತ್ತು.

ಕೋಟೆಯ ಒಳಗೆ ಕಾಲಿಟ್ಟೊಡನೆ ಸಿಕ್ಕಿದ್ದು ತೊಗರಿ ಹೊಲ. ಎದೆಯೆತ್ತರ ಬೆಳೆದ ಗಿಡಗಳ ನಡುವೆ ದಾರಿ ಹುಡುಕುತ್ತಿದ್ದಾಗ ಹೊಲದಾಕೆ ಕೂಗಿದರು: "ಯಪ್ಪಾ, ತೊಗರಿ ತುಳೀಬ್ಯಾಡ್ರಿ. ಬದುವಿನ ಮ್ಯಾಲಿಂದ ಬರ್ರಿ. ಅರಮನಿ ಎಲ್ಲೂ ಓಡಿ ಹೋಗಂಗಿಲ್ಲ." ಮಾತು ಸರಿಯಾಗಿತ್ತು. 2019ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಕಲಬುರಗಿಯ ತೊಗರಿಗಿರುವ ಬೆಲೆ ಈ ಕಲ್ಲುಗಳಿಗೆ ಯಾವಾಗ ಬರುತ್ತದೋ.

ಬದುವಿನ ಮೇಲೆ ನಡೆದಂತೆ ನಗರದ ಅಳತೆ ತಿಳಿಯತೊಡಗಿತು. ಒಂದು ಕಡೆಯಿಂದ ಇನ್ನೊಂದು ಕಡೆಗೆ ಹತ್ತಿರ ಹತ್ತಿರ ಒಂದು ಕಿಲೋಮೀಟರು. ಉತ್ತರ, ಪೂರ್ವ, ದಕ್ಷಿಣಕ್ಕೆ ದಪ್ಪ ಗೋಡೆ, ಅಲ್ಲಲ್ಲಿ ದುಂಡು ಬುರುಜು. ಪಶ್ಚಿಮಕ್ಕೆ ಭೀಮೆಯೇ ಕಂದಕ. ಒಂದೊಂದು ದಿಕ್ಕಿಗೆ ಒಂದೊಂದು ಅಗಸೆ. ಪೂರ್ವದ ಅಗಸೆಯಿಂದ ಊರ ನಡುವಿನವರೆಗೆ ದೊಡ್ಡ ಬೀದಿ ಬರುತ್ತಿತ್ತು. ನಡುಭಾಗಕ್ಕೆ ಬಂದರೆ ಜಾಮಿಯಾ ಮಸೀದಿ, ಅದರ ಹಿಂದೆ ನದಿಯವರೆಗೂ ಅರಮನೆಯ ಪ್ರದೇಶ. ಎಂದರೆ ಪ್ರಜೆಗಳು, ಪೇಟೆ, ದಂಡು ಪೂರ್ವಕ್ಕೆ, ಸುಲ್ತಾನ ಪಶ್ಚಿಮಕ್ಕೆ, ಎರಡರ ನಡುವೆ ಮಸೀದಿ. ಊರು ತನ್ನಷ್ಟಕ್ಕೆ ಬೆಳೆದಿದ್ದರೆ ಹೀಗಿರುತ್ತಿರಲಿಲ್ಲ. ಕಲಬುರಗಿಯ ಹಳೇ ಓಣಿಗಳಲ್ಲಿ ದಾರಿ ತಪ್ಪಿದವರಿಗೆಲ್ಲ ಈ ವ್ಯತ್ಯಾಸ ಗೊತ್ತು.

ಇದನ್ನು ಕಟ್ಟಿಸಿದವನು ಬಹಮನಿ ಸುಲ್ತಾನ ತಾಜುದ್ದೀನ್ ಫಿರೋಜ್ ಶಾಹ. 1397ರಲ್ಲಿ ಕಲಬುರಗಿಯ ಪಟ್ಟಕ್ಕೆ ಬಂದ. ವಿಜಯನಗರದ ಮೇಲಿನ ಒಂದು ಯುದ್ಧ ಮುಗಿಸಿ ಬಂದವನು 1400ರಲ್ಲಿ ಇಲ್ಲಿ ನಗರಕ್ಕೆ ಕೈಹಾಕಿದ. ಕಲಬುರಗಿಯಿಂದ 27 ಕಿ.ಮೀ. ಮಾತ್ರ ದೂರ. ಇಷ್ಟು ಹತ್ತಿರ ಇನ್ನೊಂದು ರಾಜಧಾನಿ ಯಾಕೆ ಬೇಕಾಯಿತು? ವಾಸ್ತುಶಿಲ್ಪದ ಚರಿತ್ರೆಕಾರ ಜಾರ್ಜ್ ಮಿಶೆಲ್ ಮತ್ತು ಇತಿಹಾಸಕಾರ ರಿಚರ್ಡ್ ಈಟನ್ ಈ ಕೋಟೆಯನ್ನು ಅಳೆದು ನಕ್ಷೆ ಬರೆದು 1992ರಲ್ಲಿ ಪುಸ್ತಕ ತಂದರು. ದಕ್ಷಿಣದ ದಂಡಯಾತ್ರೆಗೆ ಸೈನ್ಯ ಸೇರುವ ಬೀಡು ಕಲ್ಲಿನಲ್ಲಿ ನಿಂತರೆ ಹೇಗೋ ಹಾಗೆ ಈ ಊರು ಇದೆ ಎಂಬ ವಿವರಣೆ ನಮಗೂ ಒಪ್ಪಿಗೆಯಾಗುತ್ತದೆ. ರಾಯಚೂರು ದೋಆಬಿಗೆ ಹೋಗುವ ದಂಡು ಭೀಮೆಯನ್ನು ದಾಟಲೇಬೇಕು. ದಾಟುವ ಮುನ್ನ ಕುದುರೆಗೆ ನೀರು, ಆನೆಗೆ ನೆರಳು, ಸುಲ್ತಾನನಿಗೆ ದರ್ಬಾರು ಬೇಕು. ತಂಬುಗಳನ್ನು ಹೊಡೆಯುವ ಕ್ರಮದಲ್ಲೇ ಕಲ್ಲು ಕಟ್ಟಡಗಳನ್ನೂ ಹೂಡಿದ್ದಾರೆ.

ಕಟ್ಟಡಗಳ ರೀತಿ ನಮ್ಮ ಕಡೆಯದಲ್ಲ. ಸ್ನಾನದ ಹಮಾಮಿನ ಛಾವಣಿ ನೋಡಿ ಬಹಳ ಹೊತ್ತು ನಿಂತೆವು. ಸಣ್ಣ ಗುಮ್ಮಟಗಳು, ಅವುಗಳ ಪಕ್ಕದಲ್ಲೇ ಮೊನೆಯಾಗಿ ಏರಿದ ಪಿರಮಿಡ್ಡಿನಂಥ ಮುಚ್ಚಿಗೆಗಳು. ದಖ್ಖನಿನಲ್ಲಿ ಉಳಿದಿರುವ ಅರಸು ಹಮಾಮುಗಳಲ್ಲಿ ಇದೇ ಹಳೆಯದು ಎನ್ನುತ್ತಾರೆ. ಇರಾನಿನಿಂದ, ಮಧ್ಯ ಏಷ್ಯಾದಿಂದ ಬಂದ ವಿದ್ವಾಂಸರು, ಕುಶಲಿಗರು, ಸಿಪಾಯಿಗಳು ಆಗ ದಖ್ಖನಿನಲ್ಲಿ ತುಂಬಿದ್ದರು. ಪ್ರತಿ ವರ್ಷ ಗೋವೆ ಮತ್ತು ಚೌಲ್ ಬಂದರಗಳಿಂದ ಹಡಗು ಕಳಿಸಿ ಹೊರದೇಶದ ಜಾಣರನ್ನೂ ಸಾಮಾನನ್ನೂ ಫಿರೋಜ್ ತರಿಸುತ್ತಿದ್ದನೆಂದು ಚರಿತ್ರೆಕಾರ ಫೆರಿಸ್ತಾ ಬರೆಯುತ್ತಾನೆ. ಬಂದವರ ಕಲ್ಪನೆ, ನಮ್ಮ ನೆಲದ ಸುಣ್ಣಗಲ್ಲು, ನಮ್ಮ ಒಡ್ಡರ ಕೈ ಸೇರಿ ಇದು ಎದ್ದಿರಬೇಕು. ಕಲ್ಲು ಹೊತ್ತವರ ಹೆಸರು ಯಾವ ತವಾರೀಖಿನಲ್ಲೂ ಸಿಗುವುದಿಲ್ಲ.

ಫೆರಿಸ್ತಾನ ಬಗ್ಗೆ ಒಂದು ಮಾತು. ಅವನು ಬರೆದದ್ದು ಬಿಜಾಪುರದಲ್ಲಿ, ಫಿರೋಜ್ ಸತ್ತು ಸುಮಾರು 200 ವರ್ಷಗಳ ಮೇಲೆ. ಕಥೆ ಚೆಂದವಾಗುವುದಾದರೆ ಅದನ್ನು ಬಿಡುವ ಆಸಾಮಿಯಲ್ಲ. ಅವನ ಪ್ರಕಾರ ಈ ನಗರದೊಳಗೆ ಭೀಮೆಯ ನೀರು ಕಾಲುವೆಯಾಗಿ ಹರಿಯುತ್ತಿತ್ತು. ಸುಲ್ತಾನನ ಒಬ್ಬೊಬ್ಬ ರಾಣಿಗೆ ಒಂದೊಂದು ಮಹಲು. ರಾಣಿಯರು ಹಲವು ದೇಶ, ಹಲವು ಭಾಷೆಯವರು. ಸುಲ್ತಾನ ಅವರವರ ಮಾತಿನಲ್ಲೇ ಅವರೊಡನೆ ಮಾತಾಡುತ್ತಿದ್ದ. ಇಷ್ಟನ್ನೂ ನಂಬಬೇಕಿಲ್ಲ. ಆದರೆ ಈ ಅರಸನಿಗೆ ಕಲಿಕೆಯ ಹುಚ್ಚಿತ್ತು ಎನ್ನುವುದಕ್ಕೆ ಬೇರೆ ಆಧಾರವೂ ಉಂಟು. ತೌರಾತ್, ಇಂಜೀಲ್ ಓದುತ್ತಿದ್ದ, ರೇಖಾಗಣಿತ, ತರ್ಕ ಪಾಠ ಹೇಳುತ್ತಿದ್ದ ಎನ್ನುತ್ತಾರೆ. 1407ರಲ್ಲಿ ದೌಲತಾಬಾದಿನ ಹತ್ತಿರದ ಬೆಟ್ಟದ ಮೇಲೆ ಖಗೋಳ ವೀಕ್ಷಣಾಲಯ ಕಟ್ಟಿಸಲು ಶುರುಮಾಡಿದ. ಅದರ ಹೊಣೆ ಹೊತ್ತಿದ್ದ ಹಕೀಂ ಹಸನ್ ಗೀಲಾನಿ ತೀರಿಹೋದದ್ದರಿಂದ ಕೆಲಸ ನಿಂತಿತು.

ಇವನನ್ನು ದೇವಮಾನವನನ್ನಾಗಿ ಮಾಡುವ ಇರಾದೆ ನಮಗಿಲ್ಲ. ಹಿಂದೂ ರಾಜರ ಮಕ್ಕಳನ್ನು ಮದುವೆಯಾದ, ಬ್ರಾಹ್ಮಣರನ್ನು ದೊಡ್ಡ ಹುದ್ದೆಗಳಲ್ಲಿ ಇಟ್ಟ ಎಂದು ಹೇಳಿ 'ಕೋಮು ಸೌಹಾರ್ದದ ಸುಲ್ತಾನ' ಎಂದು ಭಾಷಣ ಮಾಡುವುದು ಸುಲಭ. ದೇವರಾಯನ ಮಗಳನ್ನು ಅವನಿಗೆ ಕೊಟ್ಟದ್ದು, ಬಂಕಾಪುರವನ್ನು ಬಳುವಳಿಯಾಗಿ ಪಡೆದದ್ದು ಸೋಲು ಗೆಲುವಿನ ಲೆಕ್ಕದಲ್ಲಿ. ಆ ಹುಡುಗಿಯ ಮನಸ್ಸನ್ನು ಕೇಳಿದವರು ಯಾರು? ಬಹಮನಿ, ವಿಜಯನಗರ ಎರಡೂ ಸೈನ್ಯಗಳು ಎದುರಿನವರ ಊರು ಸುಟ್ಟವು, ಜನರನ್ನು ಕೊಂದವು, ಗುಡಿ ಮಸೀದಿಗಳ ಮೇಲೆ ಕೈ ಮಾಡಿದವು. ಫೆರಿಸ್ತಾ ತನ್ನ ಕಡೆಯವರ ಕೊಲೆಗಳನ್ನು ಹೆಮ್ಮೆಯಿಂದಲೂ ಆ ಕಡೆಯವರ ಕೊಲೆಗಳನ್ನು ಸಂಕಟದಿಂದಲೂ ಬರೆಯುತ್ತಾನೆ. ಇಂದು ವಾಟ್ಸಾಪಿನಲ್ಲಿ ಚರಿತ್ರೆ ಬರೆಯುವವರೂ ಇದನ್ನೇ ಮಾಡುತ್ತಾರೆ, ಕಡೆ ಬೇರೆ ಅಷ್ಟೆ.

ಮಸೀದಿಗೆ ಬಂದೆವು. ಅದರ ಅಂಗಳದ ವಿಸ್ತಾರ ನೋಡಿದರೆ ಇಡೀ ದಂಡು ಒಟ್ಟಿಗೆ ಜುಮ್ಮಾ ನಮಾಜು ಮಾಡಲೆಂದೇ ಕಟ್ಟಿಸಿದಂತಿದೆ. ಬಾಗಿಲ ಗುಮ್ಮಟ ಉಳಿದಿದೆ. ಒಳಗಿನ ಕಂಬ ಸಾಲುಗಳು ಬಿದ್ದುಹೋಗಿವೆ. ಕಲ್ಲು ಸಂದಿಯಲ್ಲಿ ಜಾಲಿ ಬೆಳೆದಿದೆ. ನಮ್ಮಲ್ಲೊಬ್ಬರು ಕೈಕಾಲು ತೊಳೆಯಲು ನೀರು ಹುಡುಕಿದರು, ಸಿಗಲಿಲ್ಲ. ಸುಲ್ತಾನನ ಮಸೀದಿಯಲ್ಲಿ ಅಜಾನ್ ನಿಂತು ಆರು ಶತಮಾನಗಳೇ ಆಗಿರಬೇಕು. ಆದರೆ ಇದೇ ಊರಿನ ಹಜರತ್ ಖಲೀಫತುರ್ರಹಮಾನರ ದರ್ಗಾದಲ್ಲಿ ಅಂದೂ ನಾಲ್ಕಾರು ಕುಟುಂಬಗಳು ಬಂದು ಕುಳಿತಿದ್ದವು. ಹಣೆಗೆ ವಿಭೂತಿ ಹಚ್ಚಿದ ಮುದುಕರೊಬ್ಬರು ಸಕ್ಕರೆ ಓದಿಸಿಕೊಂಡು ನಮ್ಮ ಕೈಗೂ ಹಾಕಿದರು. "ಕೋಟಿ ಯಾರ್ದು ಅಜ್ಜಾರ?" ಎಂದು ಕೇಳಿದೆವು. "ಯಾವನೋ ಬಾಚ್ಛಾ ಇದ್ನಂತ್ರಿ. ಇಲ್ಲಿ ಇರೋದು ನಮ್ಮ ಅಜ್ಜ" ಎಂದು ಮಜಾರಿನ ಕಡೆ ಕೈ ತೋರಿಸಿದರು.

ಬಾಚ್ಛಾನ ಕಥೆ 1422ಕ್ಕೆ ಮುಗಿದಿತ್ತು. ದೆಹಲಿಯಿಂದ ಬಂದ ಸೂಫಿ ಸಯ್ಯದ್ ಮುಹಮ್ಮದ್ ಹುಸೇನಿ, ನಾವೆಲ್ಲ ಬಂದೇ ನವಾಜ್ ಎನ್ನುವ ಗೇಸುದರಾಜರು, ಈ ನಗರ ಕಟ್ಟುತ್ತಿದ್ದ ಕಾಲದಲ್ಲೇ ಕಲಬುರಗಿಗೆ ಬಂದವರು. ಫಿರೋಜ್ ಮೊದಲು ಎದುರುಗೊಂಡ. ಆಮೇಲೆ ಅವರ ಶಾಸ್ತ್ರಜ್ಞಾನ ಅವನಿಗೆ ಸಾಲದೆನಿಸಿತಂತೆ. ತಮ್ಮ ಅಹ್ಮದನಿಗೆ ಗುರುಗಳ ಮೇಲೆ ಭಕ್ತಿ. ತನ್ನ ಮಗ ಹಸನ್ ಮುಂದಿನ ಸುಲ್ತಾನನಾಗಲೆಂದು ಹರಸಿರಿ ಎಂದು ಫಿರೋಜ್ ಕೇಳಿದಾಗ ಪಟ್ಟ ಅಹ್ಮದನಿಗೆ ಬರೆದಿದೆ ಎಂದುಬಿಟ್ಟರು. ಖಾನ್‌ಖಾಕ್ಕೆ ಬರುವ ಜನಜಂಗುಳಿಯ ಗದ್ದಲ ಕೋಟೆಗೆ ಕೇಳುತ್ತದೆ, ದೂರ ಹೋಗಿ ಎಂದು ಸುಲ್ತಾನ ಹೇಳಿ ಕಳಿಸಿದ. ಅವರು ಹೋಗಿ ನೆಲೆಸಿದ ಜಾಗವೇ ಇಂದಿನ ದರ್ಗಾ. ಇದಾದ ಕೆಲವು ವರ್ಷಕ್ಕೆ ಪಾನಗಲ್ಲಿನ ಮುತ್ತಿಗೆಯಲ್ಲಿ ಫಿರೋಜನ ದಂಡು ವಿಜಯನಗರದ ಕೈಯಲ್ಲಿ ನುಚ್ಚುನೂರಾಯಿತು. ಮುದಿ ಸುಲ್ತಾನನ ಬಲ ಉಡುಗಿತು. 1422ರಲ್ಲಿ ಅಹ್ಮದ್ ಪಟ್ಟವೇರಿದ. ಅಣ್ಣನೂ ಗುರುಗಳೂ ಅದೇ ವರ್ಷ ತೀರಿಕೊಂಡರು. ಅಹ್ಮದ್ ಶಾಹ ರಾಜಧಾನಿಯನ್ನು ಬೀದರಿಗೆ ಎತ್ತಿಕೊಂಡು ಹೋದ. ಫಿರೋಜಾಬಾದಿನಲ್ಲಿ ಇರಬೇಕಾದ ಕಾರಣ ಯಾರಿಗೂ ಉಳಿಯಲಿಲ್ಲ. ಹೀಗೆ ಇಪ್ಪತ್ತೆರಡು ವರ್ಷಕ್ಕೆ ಊರು ಖಾಲಿ.

ಸೇತುವೆ ದಾಟಿ ಜೇವರ್ಗಿಗೆ ಬಂದು ಜೋಳದ ರೊಟ್ಟಿ, ಪುಂಡಿಪಲ್ಯ ಉಂಡೆವು. ಜೇವರ್ಗಿ ಸೀಮೆಯಲ್ಲಿ ಸುಲ್ತಾನರ ಹೆಸರಿಗಿಂತ ತತ್ವಪದಕಾರರ ಹೆಸರು ಹೆಚ್ಚು ಕೇಳುತ್ತದೆ. ಕಡಕೋಳ ಮಡಿವಾಳಪ್ಪನವರ ಊರು ಮೊದಲು ಈ ತಾಲ್ಲೂಕಿನಲ್ಲಿತ್ತು, 2018ರಿಂದ ಯಡ್ರಾಮಿಗೆ ಸೇರಿದೆ. ಅವರ ಶಿಷ್ಯರಲ್ಲಿ ಚೆನ್ನೂರಿನ ಜಲಾಲ ಸಾಹೇಬರು ಒಬ್ಬರು. ಮುಸ್ಲಿಮ್ ಶಿಷ್ಯ ಲಿಂಗಾಯತ ಗುರುವಿನ ದಾರಿಯಲ್ಲಿ ಕನ್ನಡ ಪದ ಕಟ್ಟಿದ್ದು, ಅದನ್ನು ಭಜನೆಯವರು ಜಾತಿ ನೋಡದೆ ಹಾಡಿಕೊಂಡು ಬಂದದ್ದು ಇಲ್ಲಿ ಯಾರಿಗೂ ಸುದ್ದಿಯೇ ಅಲ್ಲ.

ಅಲ್ಲಿಂದ ಭೀಮೆಯ ಕೆಳಗೆ ಚಿತ್ತಾಪುರ ತಾಲ್ಲೂಕಿನ ಸನ್ನತಿಗೆ ಹೋಗಿಬಂದೆವು. ಚಂದ್ರಲಾಂಬೆಯ ದರ್ಶನಕ್ಕೆ ಬಂದವರ ಸಾಲು ಉದ್ದ ಇತ್ತು. ಅಲ್ಲಿನ ಕಾಳಿಯ ಗುಡಿಯ ಛಾವಣಿ 1986ರಲ್ಲಿ ಕುಸಿದಾಗ ದೇವಿಯ ಪೀಠವಾಗಿದ್ದ ಚಪ್ಪಡಿ ಹೊರಬಿತ್ತು. ನೋಡಿದರೆ ಅಶೋಕನ ಶಾಸನ! ಪಕ್ಕದ ಕನಗನಹಳ್ಳಿಯಲ್ಲಿ ಅಗೆದಾಗ ಬೌದ್ಧ ಸ್ತೂಪವೇ ಎದ್ದಿತು, 'ರಾಯ ಅಸೋಕ' ಎಂದು ಹೆಸರು ಕೊರೆದ ಅವನ ಶಿಲ್ಪವೂ ಸಿಕ್ಕಿತು. ಚಪ್ಪಡಿಯಲ್ಲಿ ಉಳಿದಿರುವ ಬರಹಗಳಲ್ಲಿ ಒಂದು 12ನೆಯ ಶಾಸನದ ಭಾಗ. ತನ್ನ ಮತವನ್ನು ಹೊಗಳುವ ಭರದಲ್ಲಿ ಇನ್ನೊಬ್ಬರ ಮತವನ್ನು ಹಳಿಯಬೇಡಿ ಎಂದು ಅರಸ ಹೇಳುವುದು ಆ ಶಾಸನದಲ್ಲಿ. ಯಾರು ಯಾವಾಗ ಅದನ್ನು ತಂದು ನಡುವೆ ಕೊರೆದು ಮೂರ್ತಿ ನಿಲ್ಲಿಸಿದರೋ, ಅವರಿಗೆ ಬ್ರಾಹ್ಮಿ ಲಿಪಿ ಓದಲು ಬರುತ್ತಿರಲಿಲ್ಲ. ಗಟ್ಟಿ ಕಲ್ಲು ಬೇಕಿತ್ತು, ತೆಗೆದುಕೊಂಡರು. ಹಳೆಯ ಕಲ್ಲು ಹೊಸ ದೇವರ ಕೆಳಗೆ ಸಿಕ್ಕಿದಾಗಲೆಲ್ಲ ಎದೆ ಬಡಿದುಕೊಳ್ಳುವವರು ಸನ್ನತಿಗೆ ಒಮ್ಮೆ ಬರಬೇಕು.

ಮರುದಿನ ಅಫಜಲಪುರದ ಹಾದಿ. ಭೀಮೆಯ ಎದುರಿಗೆ, ಮೇಲಕ್ಕೆ. ಘತ್ತರಗಿಯ ಭಾಗ್ಯವಂತಿ, ಮಣೂರಿನ ಯಲ್ಲಮ್ಮ ಎಲ್ಲರೂ ನದಿಯ ದಡದಲ್ಲೇ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಈ ಊರುಗಳಿಗೆಲ್ಲ ನೀರು ನುಗ್ಗಿತ್ತು. ನೀರು ಇಳಿದ ಮೇಲೆ ಜನ ಗುಡಿ ತೊಳೆದರು, ಮತ್ತೆ ಅಮಾವಾಸ್ಯೆಗೆ ಸೇರಿದರು.

ದೇವಲ ಗಾಣಗಾಪುರಕ್ಕೆ ಮುಟ್ಟುವಾಗ ಮಧ್ಯಾಹ್ನದ ಆರತಿಯ ಹೊತ್ತು. ಸಂಕಟ ಹೊತ್ತುಕೊಂಡು ಬಂದ ಹೆಣ್ಣುಮಕ್ಕಳು ಕಂಬ ಹಿಡಿದು ಕೂಗುತ್ತಿದ್ದರು. ಇಂಥ ಕೂಗನ್ನು ನಾವು ದರ್ಗಾಗಳಲ್ಲೂ ಕೇಳಿದ್ದೇವೆ. ರೋಗಕ್ಕೆ ಆಸ್ಪತ್ರೆ ದೂರವಾದಷ್ಟೂ ಈ ಕೂಗು ಹೆಚ್ಚುತ್ತದೆ. ಸಣ್ಣ ಕಿಂಡಿಯೊಳಗಿಂದ ನಿರ್ಗುಣ ಪಾದುಕೆಗಳ ದರ್ಶನ. ಹೊರಗೆ ಮಧುಕರಿ. ಕಾರಿನಲ್ಲಿ ಬಂದಿಳಿದ ಸೊಲ್ಲಾಪುರದ ವ್ಯಾಪಾರಿಯೂ ಜೋಳಿಗೆ ಹಿಡಿದು ಐದು ಮನೆ ಬೇಡಬೇಕು, ಬೇಡಿದ್ದನ್ನು ಉಣ್ಣಬೇಕು.

ದತ್ತಾತ್ರೇಯನ ಅವತಾರವೆಂದು ನಂಬುವ ನರಸಿಂಹ ಸರಸ್ವತಿಗಳು ಕಾರಂಜದಲ್ಲಿ ಹುಟ್ಟಿ, ದೇಶ ಸುತ್ತಿ, ಕೊನೆಯ ಇಪ್ಪತ್ತು ಚಿಲ್ಲರೆ ವರ್ಷ ಇದ್ದದ್ದು ಇಲ್ಲಿ, ಭೀಮಾ ಅಮರ್ಜಾ ಸಂಗಮದಲ್ಲಿ. ಸಂಪ್ರದಾಯ ಕೊಡುವ ಕಾಲದಂತೆ ಅವರು ಇಲ್ಲಿಗೆ ಬಂದಾಗ ಕೆಳಗಿನ ಫಿರೋಜಾಬಾದ್ ಖಾಲಿಯಾಗಿ ಹೆಚ್ಚು ದಿನ ಆಗಿರಲಿಲ್ಲ. ಒಂದೇ ನದಿ, ಒಂದೇ ಶತಮಾನ. ಇಲ್ಲಿ ಗೋಡೆ ಹಾಕಲಿಲ್ಲ, ಬೀದಿಗೆ ದಾರ ಹಿಡಿಯಲಿಲ್ಲ. ಓಣಿಗಳು ಇಕ್ಕಟ್ಟು, ಚರಂಡಿ ನಾರುತ್ತದೆ, ಪೂಜಾ ಸಾಮಾನಿನವರು ಮೈಮೇಲೆ ಬೀಳುತ್ತಾರೆ. ಊರು ಮಾತ್ರ ತುಂಬಿ ತುಳುಕುತ್ತದೆ. ಮರಾಠಿಯ 'ಗುರುಚರಿತ್ರೆ'ಯಲ್ಲಿ ಬೀದರಿನ ಸುಲ್ತಾನ ತೊಡೆಯ ಹುಣ್ಣು ವಾಸಿಮಾಡಿಕೊಳ್ಳಲು ಈ ಸಂಗಮಕ್ಕೆ ಬರುವ ಕಥೆಯಿದೆ. ಹಿಂದಿನ ಜನ್ಮದಲ್ಲಿ ಅವನು ಗುರುಗಳ ಬಟ್ಟೆ ಒಗೆಯುತ್ತಿದ್ದ ಅಗಸ. ಅರಸನಾಗುವ ಆಸೆ ಬಂದದ್ದರಿಂದ ಮುಂದಿನ ಜನ್ಮಕ್ಕೆ ಸುಲ್ತಾನನಾದ. ಯವನನೆಂಬ ಕೀಳುಗಳಿಕೆ ಆ ಗ್ರಂಥದಲ್ಲಿ ಇಲ್ಲವೆಂದಲ್ಲ. ಆದರೂ ಸುಲ್ತಾನನನ್ನು ನೋಡಿದ ಗುರುಗಳು ಹಳೆಯ ಅಗಸನನ್ನು ಕರೆದಂತೆ ಕರೆಯುತ್ತಾರೆ, ಇಷ್ಟು ದಿನ ಎಲ್ಲಿ ಹೋಗಿದ್ದೆ ಎಂದು ಕೇಳುತ್ತಾರೆ. ಪಟ್ಟದಲ್ಲಿದ್ದವನನ್ನು ಜನರ ಕಥೆ ಹೀಗೆ ತನ್ನವನನ್ನಾಗಿ ಮಾಡಿಕೊಳ್ಳುತ್ತದೆ.

ಅಮರ್ಜೆಯ ನೀರು ಬರುವುದು ಆಳಂದ ತಾಲ್ಲೂಕಿನಿಂದ. ಸಂಜೆಗೆ ಆಳಂದದಲ್ಲಿದ್ದೆವು. ಲಾಡ್ಲೆ ಮಶಾಕರ ದರ್ಗಾದ ಅಂಗಳದಲ್ಲೇ ರಾಘವ ಚೈತನ್ಯರ ಹೆಸರಿನ ಶಿವಲಿಂಗವಿದೆ. ಒಂದೇ ಆವರಣದ ಎರಡು ಗೌರವಗಳ ಮಧ್ಯೆ 2022ರ ಮಾರ್ಚ್ 1ರ ಶಿವರಾತ್ರಿಯಂದು ಕಲ್ಲು ತೂರಿದವು. ಊರಿಗೆ ನಿಷೇಧಾಜ್ಞೆ, ಮನೆಮನೆಗೆ ಪೊಲೀಸು, ಜೈಲು. ಅಲ್ಲಿಂದಾಚೆ ಪೂಜೆ ಎನ್ನುವುದು ನ್ಯಾಯಾಲಯ ಬರೆದುಕೊಡುವ ಲೆಕ್ಕವಾಯಿತು. 2023ರಲ್ಲೂ 2025ರಲ್ಲೂ 15 ಮಂದಿಗೆ ಅನುಮತಿ, ಇಂಥ ಗಂಟೆಯಿಂದ ಇಂಥ ಗಂಟೆ, ಸುತ್ತ ಸಾವಿರ ಲಾಠಿ. ನಾವು ಹೋದ ದಿನ ಅಂಗಳ ಶಾಂತವಾಗಿತ್ತು. ಚಹಾದಂಗಡಿಯಲ್ಲಿ ಈ ವಿಷಯ ಎತ್ತಿದಾಗ ಮಾತಾಡುತ್ತಿದ್ದವರು ತಟ್ಟನೆ ಸುಮ್ಮನಾದರು. ಅವರಲ್ಲಿ ಎರಡೂ ಕಡೆಯವರು ಇದ್ದರು. ಎರಡು ದಿನದಲ್ಲಿ ನಮಗೆ ಹೆದರಿಕೆ ಎನ್ನುವುದು ಕಂಡದ್ದು ಅದೊಂದೇ ಕಡೆ.

ಇದೇ ಆಳಂದ ತಾಲ್ಲೂಕಿನಲ್ಲಿ ಮಾಡಿಯಾಳ ಎಂಬ ಊರಿದೆ. ಫಿರೋಜನ ತಮ್ಮ ಅಹ್ಮದ್ ಶಾಹನನ್ನು ಹೂಳಿರುವುದು ಬೀದರಿನ ಅಷ್ಟೂರಿನಲ್ಲಿ. ಮುಸ್ಲಿಮರಿಗೆ ಆತ ವಲಿ, ಲಿಂಗಾಯತರಿಗೆ ಅಲ್ಲಮಪ್ರಭು. ಆ ಗೋರಿಯ ಉರುಸು ಹಿಂದೂ ಪಂಚಾಂಗದ ಲೆಕ್ಕದಲ್ಲಿ, ಹೋಳಿ ಹುಣ್ಣಿಮೆ ಕಳೆದ ಮೇಲೆ ಬರುತ್ತದೆ. ಮಾಡಿಯಾಳದ ಜಂಗಮರು ನೂರಾರು ಜನರೊಂದಿಗೆ ಅಲ್ಲಿಗೆ ಹೋಗಿ, ಶಂಖ ಊದಿ, ತೆಂಗಿನಕಾಯಿ ಒಡೆಯುವುದನ್ನು ಗುಲಾಂ ಯಜ್ದಾನಿಯವರು 1947ರಲ್ಲಿ ಪ್ರಕಟವಾದ ತಮ್ಮ ಬೀದರ ಗ್ರಂಥದಲ್ಲಿ ದಾಖಲಿಸಿದ್ದಾರೆ. ಅಣ್ಣನಷ್ಟು ಓದಿದವನಲ್ಲ ಈ ತಮ್ಮ. ಯುದ್ಧದಲ್ಲಿ ಅಣ್ಣನಿಗಿಂತ ಕಠೋರ. ಆದರೂ ಜನ ಅವನನ್ನು ಸಂತನಾಗಿ ಇಟ್ಟುಕೊಂಡರು. ಬರಗಾಲದಲ್ಲಿ ಅವನು ಬಯಲಿಗೆ ಹೋಗಿ ಪ್ರಾರ್ಥಿಸಿದಾಗ ಮಳೆ ಬಂತು, ಅದಕ್ಕೇ 'ವಲಿ' ಎಂದು ಕರೆದರು ಎನ್ನುತ್ತಾರೆ. ಖಗೋಳ ಓದಿದ ಅಣ್ಣನಿಗೆ ಆ ಯೋಗ ಬರಲಿಲ್ಲ.

ಕಲಬುರಗಿಗೆ ಮರಳಿದವರು ಮನೆಗೆ ಹೋಗುವ ಮುಂಚೆ ಹಫ್ತ್ ಗುಂಬಜ್‌ಗೆ ಹೋದೆವು. ಅಲ್ಲಿನ ಗೋರಿಗಳಲ್ಲೆಲ್ಲ ದೊಡ್ಡದು ಫಿರೋಜ್ ಶಾಹನದು, ಜೋಡಿ ಗುಮ್ಮಟದ್ದು. ತಾನು ದೂರ ಕಳಿಸಿದ ಬಂದೇ ನವಾಜರ ದರ್ಗಾ ಅಲ್ಲಿಂದ ಕೂಗಳತೆಯ ದೂರ. ದರ್ಗಾದ ರಸ್ತೆಯಲ್ಲಿ ಆಟೋಗಳು, ಹೂವಿನವರು, ತೆಲಂಗಾಣದ ನಂಬರಿನ ಜೀಪುಗಳು. ಗುಂಬಜಿನ ಅಂಗಳದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಚೆಂಡು ಸುಲ್ತಾನನ ಬಾಗಿಲೊಳಗೆ ಹೋಯಿತು. ಒಬ್ಬ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಿ ತಂದ.